ಕಲ್ಲು, ಕೆಸರು, ಏರು: ಟ್ರೇಲ್‌ಗೆ ಟೂ-ಸ್ಟ್ರೋಕೋ, ಫೋರ್-ಸ್ಟ್ರೋಕೋ?

ಟ್ರೇಲ್, ಅಂದರೆ ಗುಡ್ಡ-ತೋಟದ ಕಚ್ಚಾ ದಾರಿಯಲ್ಲಿ ಓಡಿಸಲು ಡರ್ಟ್ ಬೈಕ್ ಹುಡುಕುವವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಯಾವುದಕ್ಕೆ ಪಿಕಪ್ ಜಾಸ್ತಿ’ ಎಂದು. ಒಂದೇ ಸಿಸಿಯಲ್ಲಿ ಟೂ-ಸ್ಟ್ರೋಕ್‌ಗೇ ಜಾಸ್ತಿ. ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಅದು ಒಮ್ಮೆ ಉರಿಯುತ್ತದೆ, ಫೋರ್-ಸ್ಟ್ರೋಕ್ ಎರಡು ಸುತ್ತಿಗೆ ಒಮ್ಮೆ. ಆದರೆ ಕೊಂಡ ಬೈಕು ಎರಡನೇ ವರ್ಷವೂ ಓಡುತ್ತದೋ, ಶೆಡ್‌ನಲ್ಲಿ ಟಾರ್ಪಾಲಿನ ಕೆಳಗೆ ಕೂರುತ್ತದೋ ಎಂಬುದು ಪಿಕಪ್ ಮೇಲೆ ನಿಂತಿಲ್ಲ. ನೀವು ಎಂಥ ನೆಲದ ಮೇಲೆ ಓಡಿಸುತ್ತೀರಿ, ಎಂಜಿನ್ ಬಿಚ್ಚುವವರು ಯಾರು, ಬೈಕಿಗೆ ನಂಬರ್ ಪ್ಲೇಟ್ ಬೇಕೋ ಬೇಡವೋ ಎಂಬುದೇ ಇಲ್ಲಿ ಮುಖ್ಯ.

ಮೊದಲು ಐದು ಪ್ರಶ್ನೆ

ಟ್ರೇಲ್ ಶುರುವಾಗುವ ಜಾಗದವರೆಗೆ ಬೈಕ್ ಹೇಗೆ ಹೋಗುತ್ತದೆ? ರಿಜಿಸ್ಟ್ರೇಷನ್ ಇಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಇಂದು ಭಾರತದಲ್ಲಿ ರಿಜಿಸ್ಟ್ರೇಷನ್ ಆಗುವ ಹೊಸ ಟೂ-ಸ್ಟ್ರೋಕ್ ಡರ್ಟ್ ಬೈಕ್ ಒಂದೂ ಇಲ್ಲ. ಹಾಗಾಗಿ ಟೂ-ಸ್ಟ್ರೋಕ್ ಬೇಕೆಂದರೆ ಪಿಕಪ್ ವ್ಯಾನೋ ಟ್ರೇಲರ್ರೋ ಜೊತೆಗೆ ಬೇಕು, ಬೈಕ್ ಓಡಿಸಲು ಖಾಸಗಿ ಜಾಗವೂ ಬೇಕು. ಎಷ್ಟೋ ಜನರ ಗೊಂದಲ ಈ ಒಂದೇ ಪ್ರಶ್ನೆಗೆ ಬಗೆಹರಿಯುತ್ತದೆ.

ನೆಲ ಎಂಥದು, ನಿಮ್ಮ ವೇಗ ಎಷ್ಟು? ರಾಮನಗರ, ಕೋಲಾರದ ಕಡೆಯ ಬಂಡೆಗಳ ಏರು ಒಂದು ಬಗೆ. ಸಕಲೇಶಪುರ, ಮೂಡಿಗೆರೆಯ ತೋಟದೊಳಗಿನ ಜೀಪ್ ದಾರಿ ಮಳೆಗಾಲದಲ್ಲಿ ಬೇರೆಯದೇ ಬಗೆ. ಬಯಲುಸೀಮೆಯ ಗಾಡಿ ಜಾಡಿನಲ್ಲಿ ಮೂರನೇ, ನಾಲ್ಕನೇ ಗೇರಿನಲ್ಲಿ ಗಂಟೆಗಟ್ಟಲೆ ಹೋಗುವುದು ಮತ್ತೊಂದು.

ನಿಮ್ಮ ಎತ್ತರ, ತೂಕ, ತೋಳಿನ ಶಕ್ತಿ ಎಷ್ಟು? ಜಾರು ಏರಿನಲ್ಲಿ ಬಿದ್ದ ಬೈಕನ್ನು ದಿನಕ್ಕೆ ಹತ್ತು ಸಲ ಎತ್ತಬೇಕಾಗಬಹುದು. ಹತ್ತನೇ ಸಲಕ್ಕೆ ಒಂದೊಂದು ಕೆಜಿಯೂ ಲೆಕ್ಕಕ್ಕೆ ಬರುತ್ತದೆ.

ಎಂಜಿನ್ ಬಿಚ್ಚುವವರು ಯಾರು: ನೀವೋ, ಊರಿನ ಮೆಕ್ಯಾನಿಕ್ಕೋ, ಕಂಪನಿ ಸರ್ವಿಸ್ ಸೆಂಟರೋ?

ವರ್ಷಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ? ಡರ್ಟ್ ಬೈಕಿನ ಆಯಸ್ಸನ್ನು ಕಿಲೋಮೀಟರ್‌ನಲ್ಲಿ ಅಳೆಯುವುದಿಲ್ಲ, ಗಂಟೆಯಲ್ಲಿ ಅಳೆಯುತ್ತಾರೆ. ತಿಂಗಳಿಗೆ ಎರಡು ಭಾನುವಾರ ಮೂರು ಮೂರು ಗಂಟೆ ಓಡಿಸಿದರೆ ವರ್ಷಕ್ಕೆ 70 ಗಂಟೆ ದಾಟುತ್ತದೆ. ಕೆಳಗಿನ ಎಲ್ಲ ಲೆಕ್ಕಕ್ಕೂ ಈ ಅಂಕಿ ಬೇಕಾಗುತ್ತದೆ.

ತಕ್ಕಡಿ ಹೇಳುವ ತೂಕ, ಕೈ ಹೇಳುವ ತೂಕ

ಟೂ-ಸ್ಟ್ರೋಕ್ ಹಗುರ ಎಂಬ ಮಾತು ನಿಜ, ಆದರೆ ಅಂದುಕೊಂಡಷ್ಟು ದೊಡ್ಡ ವ್ಯತ್ಯಾಸವಿಲ್ಲ. ಯಮಾಹದ ಟೂ-ಸ್ಟ್ರೋಕ್ ವೈಝಡ್250ಎಕ್ಸ್ ಪೆಟ್ರೋಲ್, ಆಯಿಲ್ ತುಂಬಿದ ಮೇಲೆ 104 ಕೆಜಿ ಆಸುಪಾಸು, ಅದೇ ಕಂಪನಿಯ ಫೋರ್-ಸ್ಟ್ರೋಕ್ ವೈಝಡ್250ಎಫ್‌ಎಕ್ಸ್ 111 ಕೆಜಿ ಆಸುಪಾಸು. ಅಂತರ ಏಳೇ ಕೆಜಿ. ಓಡಿಸುವಾಗ ಮಾತ್ರ ಇಪ್ಪತ್ತು ಕೆಜಿ ಅಂತರ ಇದ್ದಂತೆ ಅನ್ನಿಸುತ್ತದೆ. ಕ್ಯಾಮ್, ವಾಲ್ವ್, ಟೈಮಿಂಗ್ ಚೈನ್ ಎಲ್ಲವೂ ಫೋರ್-ಸ್ಟ್ರೋಕ್‌ನ ಹೆಡ್‌ನಲ್ಲಿ, ಅಂದರೆ ಎತ್ತರದಲ್ಲಿ ಕೂತಿವೆ. ಜೊತೆಗೆ ಒಳಗೆ ತಿರುಗುವ ಭಾಗಗಳ ತೂಕವೂ ಹೆಚ್ಚು. ಹಾಗಾಗಿ ಎರಡು ಮರದ ನಡುವೆ ಬೈಕನ್ನು ಎಡಕ್ಕೆ ಬಲಕ್ಕೆ ತಿರುಗಿಸುವಾಗ ಅದು ಎದುರು ನಿಲ್ಲುತ್ತದೆ. ಟೂ-ಸ್ಟ್ರೋಕ್ ಹ್ಯಾಂಡಲ್‌ನಲ್ಲಿ ಸ್ವಲ್ಪ ಒತ್ತಿದರೆ ಬಂದುಬಿಡುತ್ತದೆ.

ರಸ್ತೆಗೆ ಇಳಿಯುವ ಬೈಕುಗಳ ತೂಕ ಬೇರೆಯೇ ಲೆಕ್ಕ. ಕವಾಸಾಕಿ ಕೆಎಲ್‌ಎಕ್ಸ್230 ಸುಮಾರು 139 ಕೆಜಿ, ಹೀರೋ ಎಕ್ಸ್‌ಪಲ್ಸ್ 200 4ವಿ 159 ಕೆಜಿ, ಕೆಟಿಎಂ 390 ಎಂಡ್ಯೂರೋ ಆರ್ 177 ಕೆಜಿ. ಇಂಡಿಕೇಟರ್, ಹಾರ್ನ್, ಕ್ಯಾಟಲಿಟಿಕ್ ಕನ್ವರ್ಟರ್, ಎಬಿಎಸ್, ದೊಡ್ಡ ಬ್ಯಾಟರಿ, ಗಟ್ಟಿ ಸಬ್‌ಫ್ರೇಮ್ ಇವೆಲ್ಲದರ ತೂಕ ಸೇರಿ ಇಷ್ಟಾಗುತ್ತದೆ. ನಂಬರ್ ಪ್ಲೇಟ್ ಬೇಕೆಂದರೆ ಈ ತೂಕವನ್ನೂ ಒಪ್ಪಿಕೊಳ್ಳಬೇಕು.

ಏರು

ಒದ್ದೆ ಬೇರು ಅಡ್ಡ ಬಿದ್ದಿರುವ ಕಡಿದಾದ ಏರನ್ನು ನೆನೆಸಿಕೊಳ್ಳಿ. ಮಧ್ಯದಲ್ಲಿ ವೇಗ ಸತ್ತುಹೋಗಿದೆ. ಹಿಂದಿನ ಚಕ್ರ ಬೇರಿನ ಮೇಲೆ ಕೂತಿದೆ, ಕೈ ಕ್ಲಚ್ ಮೇಲಿದೆ. ಫೋರ್-ಸ್ಟ್ರೋಕ್‌ನಲ್ಲಿ ಮೊದಲ ಗೇರಿನಲ್ಲಿ ನಿಧಾನವಾಗಿ ರೇಸ್ ಕೊಟ್ಟರೆ ಟೈರ್ ಕಚ್ಚಿ ಕಚ್ಚಿ ಹತ್ತುತ್ತದೆ. ಅದರ ಬಲ ಒಂದೇ ಸಮ ಬರುವುದರಿಂದ ಹಿಡಿತ ಹೆಚ್ಚು. ಆದರೆ ಒಮ್ಮೆ ಆಫ್ ಆದರೆ ಆ ಇಳಿಜಾರಿನಲ್ಲಿ ಮತ್ತೆ ಸ್ಟಾರ್ಟ್ ಮಾಡಿ ಹೊರಡುವುದು ಕಷ್ಟ. ಟೂ-ಸ್ಟ್ರೋಕ್‌ನಲ್ಲಿ ಎರಡನೇ ಗೇರಿಗೆ ಹಾಕಿ ಕ್ಲಚ್ ಒಮ್ಮೆ ಕುಟುಕಿದರೆ ಮುಂದಿನ ಚಕ್ರ ಎದ್ದು ಬೇರು ದಾಟುತ್ತದೆ. ರೇಸ್ ಜಾಸ್ತಿಯಾದರೆ ಮಾತ್ರ ಹಿಂದಿನ ಚಕ್ರ ಸುಮ್ಮನೆ ತಿರುಗಿ ಬೇರಿನ ಸಿಪ್ಪೆ ಕಿತ್ತುಬರುತ್ತದೆ, ಬೈಕ್ ಅಡ್ಡ ಬೀಳುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಟೂ-ಸ್ಟ್ರೋಕ್ ಎಂದರೆ ಎಲ್ಲವೂ ಒಂದೇ ಅಲ್ಲ. 125, 150 ಸಿಸಿ ಬೈಕುಗಳಿಗೆ ಕೆಳಗಿನ ಆರ್‌ಪಿಎಂನಲ್ಲಿ ಬಲ ಕಡಿಮೆ. ಸದಾ ಅರಚಿಸುತ್ತ, ಗೇರ್ ಬದಲಿಸುತ್ತ ಓಡಿಸಬೇಕು. ಹೊಸಬರಿಗೆ ಅರ್ಧ ಗಂಟೆಯಲ್ಲಿ ಮುಂಗೈ ಕಲ್ಲಾಗುತ್ತದೆ. 300 ಸಿಸಿ ಟೂ-ಸ್ಟ್ರೋಕ್ ಸ್ವಭಾವವೇ ಬೇರೆ, ಐಡಲ್‌ಗಿಂತ ಸ್ವಲ್ಪ ಮೇಲೆಯೇ ಟ್ರ್ಯಾಕ್ಟರಿನಂತೆ ಎಳೆಯುತ್ತದೆ. ಆಸ್ಟ್ರಿಯಾದ ಎರ್ಜ್‌ಬರ್ಗ್‌ನಂಥ ಕಬ್ಬಿಣದ ಗಣಿಯ ಹಾರ್ಡ್ ಎಂಡ್ಯೂರೋ (ಕಡಿದಾದ, ಕಲ್ಲುಬಂಡೆಯ ದಾರಿಯ) ಸ್ಪರ್ಧೆಗಳಲ್ಲಿ 300 ಸಿಸಿ ಟೂ-ಸ್ಟ್ರೋಕ್‌ಗಳದ್ದೇ ಕೈ ಮೇಲಾಗಿರಲು ಕಾರಣ ಇದು. ಅದೇ ಡಕಾರ್ ರ‍್ಯಾಲಿಯಲ್ಲಿ ದಿನಕ್ಕೆ ನೂರಾರು ಕಿಲೋಮೀಟರ್ ಒಂದೇ ಸಮ ಓಡಬೇಕು. ಅಲ್ಲಿ 450 ಸಿಸಿ ಫೋರ್-ಸ್ಟ್ರೋಕ್‌ಗಳೇ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯರಾದಾಗ ಏರಿದ್ದೂ ಫೋರ್-ಸ್ಟ್ರೋಕನ್ನೇ. ನಿಮ್ಮ ಟ್ರೇಲ್ ಇವೆರಡರಲ್ಲಿ ಯಾವುದಕ್ಕೆ ಹತ್ತಿರ ಎಂದು ನೋಡಿಕೊಳ್ಳಿ.

ಇಳಿಜಾರು

ರೇಸ್ ಬಿಟ್ಟ ತಕ್ಷಣ ಫೋರ್-ಸ್ಟ್ರೋಕ್ ತಾನೇ ಬೈಕನ್ನು ಹಿಡಿಯುತ್ತದೆ. ಕಡಿದಾದ ಜೇಡಿಮಣ್ಣಿನ ಇಳಿಜಾರಿನಲ್ಲಿ ಹೊಸಬರಿಗೆ ಇದು ದೊಡ್ಡ ಧೈರ್ಯ. ಟೂ-ಸ್ಟ್ರೋಕ್‌ಗೆ ಎಂಜಿನ್ ಬ್ರೇಕಿಂಗ್ ಬಹಳ ಕಡಿಮೆ, ಪೂರ್ತಿ ಬ್ರೇಕ್ ಮೇಲೆಯೇ ಇಳಿಯಬೇಕು. ಹಿಂದಿನ ಬ್ರೇಕ್ ಕಾದು ಫ್ಲೂಯಿಡ್ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಫ್ಲೂಯಿಡನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಿ.

ಇಳಿಜಾರಿನಲ್ಲಿ ಇನ್ನೊಂದು ಅಪಾಯ ಇದೆ, ಇದನ್ನು ಕಡಿಮೆ ಜನ ಗಮನಿಸುತ್ತಾರೆ. ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್‌ಗೆ ಎಣ್ಣೆ ಬರುವುದು ಪೆಟ್ರೋಲ್ ಜೊತೆಗೇ. ರೇಸ್ ಪೂರ್ತಿ ಬಿಟ್ಟು ಗೇರಿನಲ್ಲೇ ಉದ್ದ ಇಳಿಜಾರು ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಹನಿಯಷ್ಟೇ. ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸೀಜ್ ಆಗುವುದು ಹೀಗೆ. ಆಗಾಗ ಕ್ಲಚ್ ಹಿಡಿದು ಒಂದೊಂದು ಸಲ ರೇಸ್ ಕೊಡುವ ಅಭ್ಯಾಸ ಮಾಡಿಕೊಳ್ಳಿ.

ಹಳ್ಳದಲ್ಲಿ ಮುಳುಗಿದರೆ

ಮಲೆನಾಡಿನಲ್ಲಿ ಓಡಿಸುವವರು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಏರ್‌ಬಾಕ್ಸ್‌ಗೆ ನೀರು ಹೋಗಿ ಬೈಕ್ ಆಫ್ ಆಯಿತು ಅಂದುಕೊಳ್ಳಿ. ಯಾವ ಬೈಕೇ ಆಗಲಿ, ಸ್ಟಾರ್ಟರ್ ಒತ್ತಬೇಡಿ, ತಳ್ಳಿ ಸ್ಟಾರ್ಟ್ ಮಾಡಬೇಡಿ. ನೀರನ್ನು ಪಿಸ್ಟನ್ ಹಿಂಡಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಟೂ-ಸ್ಟ್ರೋಕ್ ಆದರೆ ಪೆಟ್ರೋಲ್ ಬಂದ್ ಮಾಡಿ ಪ್ಲಗ್ ಬಿಚ್ಚಿ. ಇಬ್ಬರು ಸೇರಿ ಬೈಕನ್ನು ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಸೈಲೆನ್ಸರ್‌ನಿಂದ ನೀರು ಸುರಿಯುತ್ತದೆ. ಆಮೇಲೆ ತಲೆಕೆಳಗು ಮಾಡಿ, ರೇಸ್ ಪೂರ್ತಿ ತಿರುಗಿಸಿ ಹಿಡಿದು, ಪ್ಲಗ್ ತೂತಿನಿಂದ ಹನಿ ನಿಲ್ಲುವವರೆಗೆ ಕಿಕ್ ಹೊಡೆಯಿರಿ. ಕಿಕ್ಕರ್ ಇಲ್ಲದ ಬೈಕಾದರೆ ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಏರ್ ಫಿಲ್ಟರ್ ಹಿಂಡಿ, ಒಣ ಪ್ಲಗ್ ಹಾಕಿ. ಇಪ್ಪತ್ತು ನಿಮಿಷದಲ್ಲಿ ಮತ್ತೆ ಹೊರಡಬಹುದು.

ಫೋರ್-ಸ್ಟ್ರೋಕ್‌ನಲ್ಲೂ ಪ್ಲಗ್ ಬಿಚ್ಚಿ ನೀರು ಹೊರಹಾಕುವುದು ಇದ್ದೇ ಇದೆ. ಅದಕ್ಕಿಂತ ಮುಖ್ಯವಾದದ್ದು ಎಂಜಿನ್ ಪಕ್ಕದಲ್ಲಿ ಆಯಿಲ್ ನೋಡಲು ಇರುವ ಗಾಜು. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಕ್ರ್ಯಾಂಕ್, ಕ್ಯಾಮ್, ಪಿಸ್ಟನ್ ಎಲ್ಲಕ್ಕೂ ಅದೇ ಎಣ್ಣೆ. ಸ್ಟಾರ್ಟ್ ಮಾಡದೆ ಹೊರಗೆ ಸಾಗಿಸಿ, ಎಣ್ಣೆ ಬದಲಿಸಿ, ಎರಡು ನಿಮಿಷ ಓಡಿಸಿ, ಬಣ್ಣ ತಿಳಿಯಾಗುವವರೆಗೆ ಮತ್ತೆ ಬದಲಿಸಿ. ಟೂ-ಸ್ಟ್ರೋಕ್‌ನಲ್ಲಿ ಗೇರ್ ಆಯಿಲ್ ಬೇರೆಯೇ ಇರುವುದರಿಂದ ಪಿಸ್ಟನ್‌ಗೆ ಆ ಭಯವಿಲ್ಲ.

ರಿಪೇರಿ, ಖರ್ಚು

ಎರಡರ ನಿಜವಾದ ಅಂತರ ಇಲ್ಲಿದೆ. ಟೂ-ಸ್ಟ್ರೋಕ್ ಪದೇ ಪದೇ ಸಣ್ಣ ಖರ್ಚು ಕೇಳುತ್ತದೆ. ಫೋರ್-ಸ್ಟ್ರೋಕ್ ಬಹಳ ದಿನ ಸುಮ್ಮನಿದ್ದು ಒಂದೇ ಸಲ ದೊಡ್ಡ ಖರ್ಚು ಕೇಳುತ್ತದೆ.

ಟ್ರೇಲ್‌ನಲ್ಲಿ ಓಡಿಸುವ 250, 300 ಸಿಸಿ ಟೂ-ಸ್ಟ್ರೋಕ್‌ಗೆ ಬಳಕೆ ನೋಡಿಕೊಂಡು 60ರಿಂದ 100 ಗಂಟೆಗೊಮ್ಮೆ ಪಿಸ್ಟನ್ ಬದಲಿಸುವುದು ಕ್ಷೇಮ, ಸದಾ ಅರಚಿಸುವ 125ಕ್ಕೆ ಇನ್ನೂ ಬೇಗ. ಬೇಕಾಗುವುದು ಪಿಸ್ಟನ್, ರಿಂಗ್, ಪಿನ್, ಸರ್ಕ್ಲಿಪ್ ಎರಡು, ಸಣ್ಣ ನೀಡಲ್ ಬೇರಿಂಗ್ ಮತ್ತು ಗ್ಯಾಸ್ಕೆಟ್. ಕೂಲೆಂಟ್ ಇಳಿಸಿ, ಟ್ಯಾಂಕ್, ಪೈಪ್ ತೆಗೆದು, ಹೆಡ್ ನಟ್‌ಗಳನ್ನು ಎದುರು-ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಪವರ್‌ವಾಲ್ವ್ (ಹೊಗೆ ಹೊರಹೋಗುವ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸುವ ಕವಾಟ) ಲಿಂಕ್ ಬಿಡಿಸಿ ಬ್ಯಾರೆಲ್ ಎತ್ತಿ. ಎತ್ತಿದ ಕೂಡಲೇ ಕ್ರ್ಯಾಂಕ್ ಬಾಯಿಗೆ ಶುಭ್ರ ಬಟ್ಟೆ ತುರುಕಿ. ಸರ್ಕ್ಲಿಪ್ ಸಿಡಿದು ಒಳಗೆ ಬಿದ್ದರೆ ಮೂರು ಗಂಟೆಯ ಕೆಲಸ ಪೂರ್ತಿ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ರಿಂಗನ್ನು ಬ್ಯಾರೆಲ್‌ನಲ್ಲಿ ಕೂರಿಸಿ ಬಾಯಿಯ ಅಂತರವನ್ನು ಫೀಲರ್ ಗೇಜ್‌ನಿಂದ ನೋಡಿ ಮ್ಯಾನ್ಯುಯಲ್‌ಗೆ ತಾಳೆ ಹಾಕಿ. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಲಿ, ಸರ್ಕ್ಲಿಪ್ ಬಾಯಿ ನೇರ ಮೇಲೆಯೋ ಕೆಳಗೋ ಇರಲಿ. ಟಾರ್ಕ್ ರೆಂಚ್ ಇದ್ದರೆ ಮನೆಯ ಜಗಲಿಯಲ್ಲೇ ಆಗುವ ಕೆಲಸ.

ಹಳೆಯ ಯಮಾಹ ಆರ್‌ಎಕ್ಸ್‌ಗೂ ಇಂದಿನ ಎಂಡ್ಯೂರೋಗೂ ಇಲ್ಲೊಂದು ವ್ಯತ್ಯಾಸವಿದೆ. ಆರ್‌ಎಕ್ಸ್ 100 ಬ್ಯಾರೆಲ್ ಒಳಗೆ ಕಬ್ಬಿಣದ ಸ್ಲೀವ್, ತಾಲ್ಲೂಕು ಕೇಂದ್ರದ ಲೇತ್‌ನಲ್ಲೇ ರಿಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಇಂದಿನ ಎಂಡ್ಯೂರೋ ಬ್ಯಾರೆಲ್‌ಗೆ ನಿಕಸಿಲ್ ಬಗೆಯ ಲೇಪನ. ಅದು ಕೆರೆದರೆ ಮಾಮೂಲಿ ರಿಬೋರ್ ನಡೆಯುವುದಿಲ್ಲ, ಮತ್ತೆ ಲೇಪನ ಹಾಕಿಸಬೇಕು ಇಲ್ಲವೇ ಹೊಸ ಬ್ಯಾರೆಲ್ ತರಿಸಬೇಕು. ಅದಕ್ಕೇ ಪಿಸ್ಟನ್ ಬದಲಿಸುವುದನ್ನು ಮುಂದೂಡಬಾರದು.

ಫೋರ್-ಸ್ಟ್ರೋಕ್‌ಗಳಲ್ಲಿ ಎರಡು ಜಾತಿಗಳನ್ನು ಬೇರೆ ಮಾಡಿ ನೋಡಿ. ಎಕ್ಸ್‌ಪಲ್ಸ್, ಕೆಎಲ್‌ಎಕ್ಸ್230, ವಿದೇಶದಲ್ಲಿ ಸಿಗುವ ಹೋಂಡಾ ಸಿಆರ್‌ಎಫ್250ಎಫ್ ಮೊದಲಾದ ಸಾಧು ಎಂಜಿನ್‌ಗಳು ಎಣ್ಣೆ, ಫಿಲ್ಟರ್, ಟ್ಯಾಪೆಟ್ ನೋಡಿಕೊಂಡರೆ ವರ್ಷಗಟ್ಟಲೆ ಹೆಡ್ ಬಿಚ್ಚಿಸುವುದಿಲ್ಲ. ರೇಸ್ ತಳಿಯ 250, 350, 450 ಎಂಜಿನ್‌ಗಳು ಹಾಗಲ್ಲ. ಒಂದೂಕಾಲು ಲೀಟರಿನ ಆಸುಪಾಸು ಎಣ್ಣೆಯಲ್ಲೇ ಎಲ್ಲವೂ ನಡೆಯಬೇಕು, 10–15 ಗಂಟೆಗೊಮ್ಮೆ ಅದನ್ನು ಬದಲಿಸಲೇಬೇಕು. ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮೇಲಿನ ಸಣ್ಣ ಸಂದು) ಅಳೆದು, ಅದನ್ನು ಸರಿಪಡಿಸುವ ತೆಳು ಬಿಲ್ಲೆಯಾದ ಶಿಮ್ ಬದಲಿಸಬೇಕು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸತೊಡಗಿದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ ಎಂಬ ಸೂಚನೆ ಅದು. ಒಂದು ಸಲ ಶಿಮ್ ಹಾಕಿದ ಮೇಲೂ ಕ್ಲಿಯರೆನ್ಸ್ ಬೇಗನೆ ಕುಗ್ಗಿದರೆ ವಾಲ್ವ್ ಬದಲಿಸುವ ಕಾಲ ಬಂತು. ತಡ ಮಾಡಿ ವಾಲ್ವ್ ತಲೆ ಮುರಿದರೆ ಪಿಸ್ಟನ್, ಹೆಡ್, ಕೆಲವೊಮ್ಮೆ ಕ್ರ್ಯಾಂಕ್‌ವರೆಗೆ ಎಲ್ಲ ಹೋಗುತ್ತದೆ. ಅದರ ಬಿಲ್ಲು ಟೂ-ಸ್ಟ್ರೋಕ್‌ನ ಹಲವು ವರ್ಷದ ಪಿಸ್ಟನ್ ಖರ್ಚನ್ನು ಮೀರಿಸುತ್ತದೆ. ಇಷ್ಟೆಲ್ಲ ಹಾಳಾಗಲು ಹೆಚ್ಚಾಗಿ ಕಾರಣ ಧೂಳು. ಬಯಲುಸೀಮೆಯ ಬೇಸಿಗೆಯಲ್ಲಿ ಪ್ರತಿ ರೈಡ್ ಆದ ಮೇಲೂ ಫೋಮ್ ಫಿಲ್ಟರ್ ತೊಳೆದು, ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ, ಅಂಚಿಗೆ ಗ್ರೀಸ್ ಸವರಿ ಕೂರಿಸಿ. ಇದು ಎರಡೂ ಬಗೆಯ ಬೈಕಿಗೂ ಅನ್ವಯ.

ಪೆಟ್ರೋಲ್

ಬಂಕಿನಲ್ಲಿ ಈಗ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲನ್ನು ಕ್ಯಾನ್‌ನಲ್ಲಿ ತಿಂಗಳಾನುಗಟ್ಟಲೆ ಇಟ್ಟರೆ, ಅದರಲ್ಲೂ ಮಳೆಗಾಲದಲ್ಲಿ, ನೀರು-ಎಥನಾಲ್ ತಳಕ್ಕೆ ಇಳಿದು ಬೇರೆಯಾಗುವ ಸಾಧ್ಯತೆ ಇದೆ. ಹಾಗಾದ ಪೆಟ್ರೋಲ್ ಹಾಕಿದರೆ ಪಿಸ್ಟನ್‌ಗೆ ಎಣ್ಣೆ ಸಿಗುವುದಿಲ್ಲ. ಬೇಕಾದಷ್ಟನ್ನೇ ಆ ವಾರ ಬೆರೆಸಿ. 40:1 ಅಂದರೆ ಲೀಟರಿಗೆ 25 ಮಿಲೀ, 32:1 ಅಂದರೆ 31 ಮಿಲೀ, 60:1 ಅಂದರೆ 17 ಮಿಲೀ. 200 ಮಿಲೀ ಬಾಟಲಿ ಬೆನ್ನಚೀಲದಲ್ಲಿದ್ದರೆ 40:1ರಲ್ಲಿ 8 ಲೀಟರಿಗೆ ಸಾಕು. ಅನುಪಾತ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದೇ ಇರಲಿ. ಎಣ್ಣೆ ಜಾಸ್ತಿ ಹಾಕಿದರೆ ಒಳ್ಳೆಯದು ಎಂದು ಸುರಿದರೆ ಪ್ಲಗ್ ಒದ್ದೆಯಾಗುತ್ತದೆ, ಪವರ್‌ವಾಲ್ವ್ ಮಸಿ ಕಟ್ಟುತ್ತದೆ.

ಕೆಟಿಎಂ 2018ರ ಮಾಡೆಲ್‌ನಿಂದ ಟೂ-ಸ್ಟ್ರೋಕ್ ಎಂಡ್ಯೂರೋಗಳಿಗೆ ಫ್ಯುಯೆಲ್ ಇಂಜೆಕ್ಷನ್ ತಂದಿತು. ಎಣ್ಣೆಗೆ ಬೇರೆ ಟ್ಯಾಂಕು, ಬೆರೆಸುವ ಕೆಲಸವಿಲ್ಲ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಬದಲಿಸುವ ಕೆಲಸವೂ ಇಲ್ಲ. ಕಾರ್ಬುರೇಟರ್ ಬೈಕನ್ನು ಬೆಂಗಳೂರಿನ 900 ಮೀಟರಿನಿಂದ ಲಡಾಖ್‌ನ 3,500 ಮೀಟರಿಗೆ ಒಯ್ದರೆ ಗಾಳಿ ತೆಳುವಾಗಿ ಮಿಶ್ರಣ ದಪ್ಪವಾಗುತ್ತದೆ. ಸಣ್ಣ ಮೇನ್ ಜೆಟ್ ಹಾಕಿ, ಸೂಜಿಯ ಕ್ಲಿಪ್ಪನ್ನು ಒಂದು ಮೆಟ್ಟಿಲು ಮೇಲಕ್ಕೆ ಹಾಕಬೇಕು. ಚಿಕ್ಕಮಗಳೂರಿನ ಗುಡ್ಡಗಳ ಮಟ್ಟಿಗೆ ಅಷ್ಟು ಚಿಂತೆ ಬೇಡ.

ರೇಸ್ ತಳಿಯ ಫೋರ್-ಸ್ಟ್ರೋಕ್‌ಗೆ ಕಂಪ್ರೆಷನ್ ಹೆಚ್ಚು, ಮಾಮೂಲಿ ಪೆಟ್ರೋಲ್‌ನಲ್ಲಿ ಟಕಟಕ ಬಡಿದುಕೊಳ್ಳಬಹುದು. 95 ಆಕ್ಟೇನ್ ಅಥವಾ ಮೇಲಿನದು ಹಾಕಿ.

ಯಾರಿಗೆ ಯಾವುದು

ಒಂದೂವರೆಯಿಂದ ಎರಡು ಲಕ್ಷದ ಬಜೆಟ್, ಒಂದೇ ಬೈಕ್, ವಾರದ ದಿನ ಆಫೀಸಿಗೂ ಅದೇ: ಯೋಚನೆಯೇ ಬೇಡ, ಎಕ್ಸ್‌ಪಲ್ಸ್ 200 4ವಿ ಅಥವಾ 210. ಉಳಿದ ದುಡ್ಡನ್ನು ಒಳ್ಳೆಯ ನಾಬಿ ಟೈರ್, ಎಂಜಿನ್ ಗಾರ್ಡ್, ಮೊಣಕಾಲಿನ ಗಾರ್ಡ್, ಮೋಟೋಕ್ರಾಸ್ ಬೂಟಿಗೆ ಹಾಕಿ. ಆರಡಿ ಸಮೀಪ ಎತ್ತರವಿದ್ದರೆ 200 4ವಿ ಪ್ರೋ ನೋಡಿ. ಅದರ ಸೀಟು 891 ಮಿಮೀ, ಮುಂದಿನ ಸಸ್ಪೆನ್ಷನ್ 250 ಮಿಮೀ. ಐದೂವರೆ ಅಡಿಯವರಿಗೆ ಜಾರು ಏರಿನಲ್ಲಿ ಕಾಲು ನೆಲಕ್ಕೆ ಸಿಗದೆ ಅದೇ ತೊಂದರೆಯಾಗುತ್ತದೆ.

ಹಗುರ ಬೈಕ್ ಬೇಕು, ಪ್ಲೇಟೂ ಬೇಕು ಎಂದರೆ ಕೆಎಲ್‌ಎಕ್ಸ್230. ಟ್ಯಾಂಕು ಎಂಟು ಲೀಟರೂ ಇಲ್ಲ, ಹೈವೇ ಮೇಲೆ ದೂರ ಹೋಗುವವರಿಗೆ ಅದೊಂದು ಕೊರತೆ. ಟ್ರೇಲ್‌ನಲ್ಲಿ ಮಾತ್ರ ಆ ಇಪ್ಪತ್ತು ಕೆಜಿ ಉಳಿತಾಯ ಸಂಜೆಯ ಹೊತ್ತಿಗೆ ತೋಳಿಗೆ ಗೊತ್ತಾಗುತ್ತದೆ. ಬೆಂಗಳೂರಿನಿಂದ ಟ್ರೇಲ್‌ವರೆಗೆ 200 ಕಿಮೀ ಹೈವೇ ಓಡಿಸಿಯೇ ಹೋಗಬೇಕಾದವರಿಗೆ 390 ಎಂಡ್ಯೂರೋ ಆರ್ ಸರಿ, ಆದರೆ ಕಿರಿದಾದ ಕಲ್ಲು ದಾರಿಯಲ್ಲಿ 177 ಕೆಜಿ ಭಾರವೇ.

ಹಳೆಯ ಆರ್‌ಎಕ್ಸ್ 100, 135 ತಂದು ಟ್ರೇಲ್ ಬೈಕ್ ಮಾಡುವ ಆಸೆ ಹಲವರಿಗಿದೆ. ಎಂಜಿನ್ ಚೆನ್ನಾಗಿದೆ, ಬಿಡಿಭಾಗವೂ ಸಿಗುತ್ತದೆ. ಆದರೆ ಫೋರ್ಕ್ ಪಯಣ, ಗ್ರೌಂಡ್ ಕ್ಲಿಯರೆನ್ಸ್ ಎರಡೂ ಸಾಲದು. ಅದನ್ನು ಸರಿಪಡಿಸಲು ಸುರಿಯುವ ಹಣಕ್ಕೆ, ಇಂದಿನ ಆರ್‌ಎಕ್ಸ್ ಬೆಲೆಯೂ ಸೇರಿದರೆ, ಒಳ್ಳೆಯ ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ ಬರುತ್ತದೆ. ಮಟ್ಟಸವಾದ ಡರ್ಟ್ ಟ್ರ್ಯಾಕಿಗೆ ಆರ್‌ಎಕ್ಸ್ ಇರಲಿ.

ಪಿಕಪ್ ವ್ಯಾನ್ ಇದೆ, ಓಡಿಸಲು ಸ್ವಂತ ತೋಟವೋ ಒಪ್ಪಿಗೆ ಕೊಟ್ಟವರ ಜಾಗವೋ ಇದೆ, ಬಜೆಟ್ ಹತ್ತು ಲಕ್ಷದ ಆಸುಪಾಸು ಅಥವಾ ಹೆಚ್ಚು: ಆಗ ಮಾತ್ರ ಎರಡರ ನಡುವೆ ನಿಜವಾದ ಆಯ್ಕೆ. ಕೆಟಿಎಂ 350 ಇಎಕ್ಸ್‌ಸಿ-ಎಫ್ 2024ರ ನವೆಂಬರ್‌ನಲ್ಲಿ ಇಲ್ಲಿ ಬಿಡುಗಡೆಯಾದಾಗ ಬೆಲೆ 12.96 ಲಕ್ಷ ಇತ್ತು. ತೆರೆದ ಜಾಡು, ಮರಳು, ಉದ್ದದ ರೈಡ್ ಇಷ್ಟವಾದರೆ ಅಂಥ 350 ಫೋರ್-ಸ್ಟ್ರೋಕ್. ಬಂಡೆ, ಕಡಿದಾದ ಏರು, ನಿಧಾನದ ದಾರಿ, ಸ್ವತಃ ಸ್ಪ್ಯಾನರ್ ಹಿಡಿಯುವ ಹವ್ಯಾಸ ಇದ್ದರೆ 250 ಅಥವಾ 300 ಟೂ-ಸ್ಟ್ರೋಕ್. ಹೊಸಬರು 450 ಫೋರ್-ಸ್ಟ್ರೋಕ್, 125 ಟೂ-ಸ್ಟ್ರೋಕ್ ಎರಡನ್ನೂ ಬಿಡಿ. ಒಂದರಲ್ಲಿ ಬಲ ಅತಿ, ಇನ್ನೊಂದರಲ್ಲಿ ದುಡಿಮೆ ಅತಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಆಯ್ಕೆ ವಿಶಾಲ, ನಿಯಮ ಬೇರೆ. ಅಲ್ಲಿನ ಸಾರ್ವಜನಿಕ ಅರಣ್ಯದ ಟ್ರೇಲ್‌ಗಳಲ್ಲಿ ಸೈಲೆನ್ಸರ್‌ಗೆ ಕಿಡಿ ಹೊರಬರದಂತೆ ತಡೆಯುವ ಸ್ಪಾರ್ಕ್ ಅರೆಸ್ಟರ್ ಇರಲೇಬೇಕು. ಮೋಟೋಕ್ರಾಸ್‌ಗೆಂದು ಮಾಡಿದ ಬೈಕುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಟ್ರೇಲ್‌ಗೆಂದೇ ಮಾಡಿದವುಗಳಲ್ಲಿ ಹೆಚ್ಚಾಗಿ ಇರುತ್ತದೆ.

ಎಲ್ಲಿ ಓಡಿಸುವಿರಿ ಎಂಬ ಮಾತು ಬಂದಾಗ ಒಂದನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮಲ್ಲಿ ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗುವುದು ಅಪರಾಧ. ಹುಲ್ಲುಗಾವಲಿನ ಮೇಲೆ ಟೈರ್ ಕೊರೆದ ಗಾಯದಲ್ಲಿ ಮುಂದಿನ ಮಳೆಯ ನೀರು ಹರಿದು ಕೊರಕಲಾಗುತ್ತದೆ. ಕೋಲಾರದ ಬಳಿಯ ಬಿಗ್ ರಾಕ್‌ನಂಥ ತರಬೇತಿ ಜಾಗದಲ್ಲಿ ಒಂದೆರಡು ದಿನ ಬಾಡಿಗೆ ಬೈಕಿನಲ್ಲಿ ಕಲಿತರೆ ನಿಮಗೆ ಎಷ್ಟು ತೂಕ, ಎಷ್ಟು ಎತ್ತರ ಒಗ್ಗುತ್ತದೆ ಎಂಬುದು ಕೊಳ್ಳುವ ಮೊದಲೇ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವಾಗ

ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಆಯಿಲ್ ಗಾಜಿನಲ್ಲಿ ಬಣ್ಣ ನೋಡಿ. ಪ್ಲಗ್ ಬಿಚ್ಚಿಸಿ, ಕಂದು ಬಣ್ಣವಾದರೆ ಸರಿ, ಬಿಳಿಚಿಕೊಂಡಿದ್ದರೆ ಟೂ-ಸ್ಟ್ರೋಕ್ ಎಂಜಿನ್ ಕಾದು ಓಡಿದೆ. ಟೂ-ಸ್ಟ್ರೋಕ್‌ನ ಪೈಪ್ ಹೊಟ್ಟೆಯಲ್ಲಿ ದೊಡ್ಡ ತಗ್ಗಿದ್ದರೆ ಬಲ ಕುಗ್ಗಿರುತ್ತದೆ. ಫೋರ್-ಸ್ಟ್ರೋಕ್‌ಗೆ ವಾಲ್ವ್ ಅಳತೆ ಬರೆದಿಟ್ಟ ಪುಸ್ತಕ ಕೇಳಿ. ಆಮದಾದ ಬೈಕಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ತರಿಸಿ, ಅದರಲ್ಲಿರುವ ಚಾಸಿ ನಂಬರನ್ನು ಹ್ಯಾಂಡಲ್ ಕೆಳಗಿನ ಸ್ಟೀರಿಂಗ್ ಕೊಳವೆಯ ಮೇಲೆ ಕೆತ್ತಿದ್ದಕ್ಕೆ ಒಂದೊಂದು ಅಕ್ಷರವಾಗಿ ಹೋಲಿಸಿ, ಆಮೇಲೆ ಅಡ್ವಾನ್ಸ್ ಕೊಡಿ.